ಎರವಲು ತಂದ ನೆರವು

ಮಕ್ಕಳಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತವನ್ನು ತರುವ ಹಿಬ್ ಎಂಬ ಬ್ಯಾಕ್ಟೀರಿಯವು ಸಕ್ಕರೆಯ ಅಣುಗಳ ಸರಪಳಿಯಿಂದಾದ ಕವಚವನ್ನು ತೊಟ್ಟಿರುತ್ತದೆ. ಕವಚಕ್ಕೆ ಅಂಟುವ ಪ್ರತಿಕಾಯಗಳು ರಕ್ತದಲ್ಲಿದ್ದರೆ ರೋಗ ತಡೆಯುವುದಾದರೂ, ಅದಕ್ಕೆ ಹೆಚ್ಚಾಗಿ ತುತ್ತಾಗುವ ಎರಡು ವರ್ಷದೊಳಗಿನ ಮಕ್ಕಳ ದೇಹವು ಬರಿಯ ಸಕ್ಕರೆಯನ್ನು ಕಂಡು ಅಂಥ ಪ್ರತಿಕಾಯಗಳನ್ನು ಸಾಕಷ್ಟು ತಯಾರಿಸಲಾರದು. ಏಕೆಂದರೆ ಪ್ರತಿಕಾಯ ತಯಾರಿಸುವ ಬಿ ಕೋಶಕ್ಕೆ ಒತ್ತಾಸೆಯಾಗಬೇಕಾದ ಸಹಾಯಕ ಟಿ ಕೋಶವು ಪ್ರೋಟೀನಿನ ತುಣುಕುಗಳನ್ನು ಗುರುತಿಸುವುದೇ ಹೊರತು ಇಂಥ ಸಕ್ಕರೆಯನ್ನಲ್ಲ.

ಸಕ್ಕರೆಯನ್ನು ಪ್ರೋಟೀನಿಗೆ ಬೆಸೆದು ರೂಪಿಸಿದ ಕಾಂಜುಗೇಟ್ ಲಸಿಕೆಯ ಜಾಣ್ಮೆ ಇರುವುದು ಇಲ್ಲಿಯೇ. ಸಕ್ಕರೆಯನ್ನು ಹಿಡಿದ ಬಿ ಕೋಶವು ಜೊತೆಗಿದ್ದ ಪ್ರೋಟೀನನ್ನೂ ನುಂಗಿ, ಅದರ ತುಣುಕನ್ನು ಮೇಲ್ಮೈಯಲ್ಲಿ ಎತ್ತಿ ತೋರಿಸುತ್ತದೆ. ಅದನ್ನು ಗುರುತಿಸಿದ ಟಿ ಕೋಶವು ಬಿ ಕೋಶದ ಮೇಲಿನ ಸಿಡಿ40 ಎಂಬ ಗ್ರಾಹಕವನ್ನು ತಟ್ಟಿ, ಇಂಟರ್‌ಲ್ಯೂಕಿನ್-21 ಎಂಬ ಸಂಕೇತವನ್ನು ಸುರಿಸಿದಾಗ, ಬಿ ಕೋಶಗಳು ದುಗ್ಧಗ್ರಂಥಿಯಲ್ಲಿ ವೃದ್ಧಿಸಿ, ಕವಚಕ್ಕೆ ಇನ್ನಷ್ಟು ಬಿಗಿಯಾಗಿ ಅಂಟುವ ಪ್ರತಿಕಾಯಗಳನ್ನು ಕೊಡುತ್ತವೆ. ಏವರಿ ಮತ್ತು ಗೋಬೆಲ್ ಎಂಬ ವಿಜ್ಞಾನಿಗಳು 1929ರಲ್ಲೇ ಸಕ್ಕರೆ–ಪ್ರೋಟೀನ್ ಬೆಸುಗೆಯ ಫಲವನ್ನು ತೋರಿಸಿದ್ದರು. ಟಿ ಕೋಶದ ಪಾತ್ರ ತಿಳಿದದ್ದು 1960ರ ದಶಕದಲ್ಲಿ. ಆ ಬೆಸುಗೆಯನ್ನು ಹಿಬ್‌ಗೆ ಹೊಂದಿಸಿ 1980ರಲ್ಲಿ ಪ್ರಕಟಿಸಿದವರು ಶ್ನೀರ್ಸನ್, ರಾಬಿನ್ಸ್ ಮತ್ತು ಅವರ ಸಂಗಡಿಗರು.

ಈ ಸಾಧನೆ ನಿಸ್ಸಂದೇಹವಾಗಿ ದೊಡ್ಡದು. ಆದರೆ ಟಿ ಕೋಶದ ನೆರವಿನಿಂದ ಸ್ಮೃತಿಕೋಶಗಳು, ಅಂದರೆ ಹಿಂದೆ ಕಂಡ ಶತ್ರುವನ್ನು ನೆನಪಿಡುವ ಬಿ ಕೋಶಗಳು, ಮೂಡಿದರೆ ರಕ್ಷಣೆ ತಾನಾಗಿಯೇ ಉಳಿಯುತ್ತದೆಂಬ ನಂಬಿಕೆ ಅತಿಯಾದದ್ದು. 1992ರಲ್ಲಿ ಬ್ರಿಟನ್ 2, 3 ಮತ್ತು 4 ತಿಂಗಳ ವಯಸ್ಸಿನಲ್ಲಿ ಮಾತ್ರ ಹಿಬ್ ಲಸಿಕೆ ನೀಡುವ ಕ್ರಮವನ್ನು ಆರಂಭಿಸಿ, ಜೊತೆಗೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ ಹಾಕುವ ಒಂದು ಬಾರಿಯ ಅಭಿಯಾನವನ್ನೂ ನಡೆಸಿತು. ಈ ಅಭಿಯಾನದ ಪ್ರಭಾವ ಇಳಿಯುತ್ತಿದ್ದಂತೆ 1999ರಿಂದ ರೋಗ ಮತ್ತೆ ಏರಿತು. 2003ರಲ್ಲಿ ಬೂಸ್ಟರ್ ಅಭಿಯಾನ ನಡೆಸಿ, 2006ರಲ್ಲಿ ಒಂದು ವರ್ಷ ತುಂಬಿದಾಗ ಕೊಡುವ ಬೂಸ್ಟರನ್ನು ಕಾಯಂಗೊಳಿಸಬೇಕಾಯಿತು. ಸ್ಮೃತಿಕೋಶಗಳು ಎಚ್ಚೆತ್ತು ಪ್ರತಿಕಾಯ ಸುರಿಸಲು ಕೆಲವು ದಿನಗಳು ಬೇಕು, ಹಿಬ್ ಅಷ್ಟು ಕಾಯುವುದಿಲ್ಲ.

ಭಾರತದಲ್ಲಿ 2011ರ ಡಿಸೆಂಬರ್‌ನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಆರಂಭವಾದ, ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆ ಹಿಬ್ ಅಂಶವನ್ನು 6, 10 ಮತ್ತು 14 ವಾರಗಳಲ್ಲಿ ಕೊಡುತ್ತದೆ. ಇದೇ ಬಗೆಯ ಕಾಂಜುಗೇಟ್ ಆದ ನ್ಯೂಮೊಕಾಕಸ್ ಲಸಿಕೆಗೆ ಒಂಬತ್ತನೇ ತಿಂಗಳ ಬೂಸ್ಟರ್ ಇದ್ದರೆ, ಹಿಬ್‌ಗೆ ಅದಿಲ್ಲ. ಬ್ರಿಟನ್ನಿನ ಹಿನ್ನಡೆಗೆ ಅಲ್ಲಿ ಹಿಬ್ ಲಸಿಕೆಯೊಂದಿಗೆ ಬೆರೆಸಿ ಬಳಸಿದ, ಹಿಬ್ ಪ್ರತಿಕಾಯವನ್ನು ತಗ್ಗಿಸುವ ಒಂದು ಬಗೆಯ ನಾಯಿಕೆಮ್ಮಿನ ಅಂಶವೂ ಕಾರಣವಾಗಿತ್ತು, ಪೆಂಟಾವೇಲೆಂಟ್‌ನಲ್ಲಿರುವುದು ಬೇರೆ ಬಗೆಯದು ಎಂಬುದು ನಿಜ. ಹಾಗಿದ್ದರೂ ಎರಡು, ಮೂರು ವರ್ಷದ ಮಕ್ಕಳ ರಕ್ತದಲ್ಲಿ ಪ್ರತಿಕಾಯ ಎಷ್ಟು ಉಳಿದಿದೆಯೆಂದು ಅಳೆಯುತ್ತ ಹೋಗದೆ ಬೂಸ್ಟರ್ ಇಲ್ಲದ ಈ ಕ್ರಮವನ್ನು ಸರಿಯೆನ್ನಲಾಗದು.