ಅದೇ ರೋಗಿ, ಎರಡನೇ ಸಲ

2023ರ ಏಪ್ರಿಲ್ 6ರಂದು ಪಲ್ನಾಡು ಜಿಲ್ಲೆಯ ಲಿಂಗಂಗುಂಟ್ಲದಲ್ಲಿ ಆಂಧ್ರಪ್ರದೇಶದ ಅಂದಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ್ ರೆಡ್ಡಿ ‘ಫ್ಯಾಮಿಲಿ ಡಾಕ್ಟರ್’ ಯೋಜನೆಗೆ ಚಾಲನೆ ಕೊಟ್ಟರು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರು ವೈದ್ಯರು. ಒಬ್ಬರು ಕೇಂದ್ರದಲ್ಲಿ ಕೂತರೆ ಇನ್ನೊಬ್ಬರು ‘104’ ಸಂಚಾರಿ ಚಿಕಿತ್ಸಾ ವ್ಯಾನು ಹತ್ತಿ ಹಳ್ಳಿಗೆ ಹೋಗಬೇಕು. ಪ್ರತಿ ಹಳ್ಳಿಗೂ ತಿಂಗಳಿಗೆ ಎರಡು ಸಲ. ಬೆಳಿಗ್ಗೆ ಓಪಿ ನೋಡಿ, ಆಮೇಲೆ ಹಾಸಿಗೆ ಹಿಡಿದವರ ಮನೆಗೇ ಹೋಗಿ ಬರಬೇಕು. ಡಾಕ್ಟರು ಇಲ್ಲದ ದಿನಗಳಲ್ಲಿ ವಿಲೇಜ್ ಕ್ಲಿನಿಕ್ಕಿನಲ್ಲಿ ನರ್ಸಿಂಗ್ ಓದಿದ ಒಬ್ಬರು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ.

ಯೋಜನೆಯನ್ನು ಚುನಾವಣೆಯ ಫಲಕವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. 2007ರಲ್ಲಿ ಇದೇ ನಾಡು ಆರೋಗ್ಯಶ್ರೀ ತಂದು, ಬಡವರ ದೊಡ್ಡ ಆಪರೇಷನ್ನಿನ ಬಿಲ್ಲನ್ನು ಸರ್ಕಾರವೇ ಕಟ್ಟುವ ದಾರಿಯನ್ನು ದೇಶಕ್ಕೆ ತೋರಿಸಿತು. ಕರ್ನಾಟಕವೂ ಅದನ್ನು ನೋಡಿಯೇ ತನ್ನ ಆರೋಗ್ಯಶ್ರೀ ಕಟ್ಟಿಕೊಂಡಿತು. ಆ ದಾರಿಯಲ್ಲಿ ಹಣವೆಲ್ಲ ಹರಿದದ್ದು ಪಟ್ಟಣದ ದೊಡ್ಡ ಆಸ್ಪತ್ರೆಗಳ ಕಡೆಗೆ. ಎದೆ ಸೀಳುವ ಹಂತಕ್ಕೆ ಬಂದವನಿಗೆ ಲಕ್ಷಗಟ್ಟಲೆ ಸಿಕ್ಕಿತು. ಆ ಹಂತ ತಲುಪದ ಹಾಗೆ ಹತ್ತು ವರ್ಷ ಬಿಪಿ ನೋಡಿಕೊಳ್ಳುವ ಕೆಲಸಕ್ಕೆ ಹಾಗೆ ಕಾಸು ಸುರಿಯಲಿಲ್ಲ. ಫ್ಯಾಮಿಲಿ ಡಾಕ್ಟರ್ ಯೋಜನೆ ಇದಕ್ಕೆ ಮಾಡಿಕೊಂಡ ತಿದ್ದುಪಡಿ. ಇದರ ತಿರುಳು ಕಟ್ಟಡವೂ ಅಲ್ಲ, ವ್ಯಾನೂ ಅಲ್ಲ. ಹದಿನೈದು ದಿನದ ಹಿಂದೆ ಬಂದಿದ್ದ ಡಾಕ್ಟರೇ ಈ ಸಲವೂ ಬರುತ್ತಾರೆ ಎಂಬ ಏರ್ಪಾಟು.

ಹಾಗಾದರೆ ಆ ಡಾಕ್ಟರನ್ನು ಈ ಕೆಲಸಕ್ಕೆ ತಯಾರು ಮಾಡಿದವರು ಯಾರು? ಈ ಡಾಕ್ಟರುಗಳಲ್ಲಿ ಬಹುಪಾಲು ಜನ ಎಂಬಿಬಿಎಸ್ ಮುಗಿಸಿ ನೇರವಾಗಿ ಬಂದವರು. ಅಂಥವರನ್ನು ಹೊರತರುವ ಕಾಲೇಜುಗಳನ್ನು ನೋಡಿ. ವಿಶಾಖಪಟ್ಟಣದ ಆಂಧ್ರ ವೈದ್ಯಕೀಯ ಕಾಲೇಜಿಗೆ 1923ರ ಹುಟ್ಟು. ಅದರ ಕಿಂಗ್ ಜಾರ್ಜ್ ಆಸ್ಪತ್ರೆಗೆ, ಜನ ಕೆಜಿಎಚ್ ಎನ್ನುವ ಆಸ್ಪತ್ರೆಗೆ, ಶ್ರೀಕಾಕುಳದಿಂದಲೂ ಪಾಡೇರಿನ ಬೆಟ್ಟಗಳಿಂದಲೂ ರೋಗಿಗಳು ಬರುತ್ತಾರೆ. ವಿಜಯವಾಡದಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ. 1986ರಲ್ಲಿ ಹುಟ್ಟಿದ ಆರೋಗ್ಯ ವಿಶ್ವವಿದ್ಯಾಲಯವೂ ಅಲ್ಲಿಯೇ. ಎನ್‌ಟಿಆರ್ ಹೆಸರಿನ ಆ ವಿಶ್ವವಿದ್ಯಾಲಯ 2022ರಲ್ಲಿ ವೈಎಸ್‌ಆರ್ ಹೆಸರಿಗೆ ತಿರುಗಿ, 2024ರಲ್ಲಿ ಸರ್ಕಾರ ಬದಲಾದ ಮೇಲೆ ಮತ್ತೆ ಎನ್‌ಟಿಆರ್ ಆಯಿತು. ಫಲಕ ಬರೆಯುವವರಿಗೆ ಆ ಊರಿನಲ್ಲಿ ಕೆಲಸಕ್ಕೆ ಬರವಿಲ್ಲ. ಇಂಥ ಕಾಲೇಜುಗಳಲ್ಲಿ ಎಂಬಿಬಿಎಸ್ ಹುಡುಗ ಐದೂವರೆ ವರ್ಷ ಕಲಿಯುವುದು ಬಹುಪಾಲು ಸ್ಪೆಷಲಿಸ್ಟರಿಂದ, ವಾರ್ಡುಗಳಲ್ಲಿ. ಒಬ್ಬ ಕುಟುಂಬ ವೈದ್ಯ ಹೇಗೆ ಯೋಚಿಸುತ್ತಾನೆ ಎಂಬುದನ್ನು ಹತ್ತಿರದಿಂದ ನೋಡದೆಯೇ ಆತ ಡಾಕ್ಟರಾಗಿಬಿಡಬಹುದು.

ತರಬೇತಿಯೇ ಇಲ್ಲ ಎಂದಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಬಹಳ ಹಿಂದಿನಿಂದಲೂ ಇದೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ. 2020ರಲ್ಲಿ ಅದೇ ಮಂಡಳಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಶುರು ಮಾಡಿದಾಗ ಫ್ಯಾಮಿಲಿ ಮೆಡಿಸಿನ್ನೂ ಪಟ್ಟಿಯಲ್ಲಿತ್ತು. ಕೇರಳದ ಕಲ್ಲಿಕೋಟೆ ವೈದ್ಯಕೀಯ ಕಾಲೇಜು 2010ರ ದಶಕದ ಆರಂಭದಲ್ಲೇ ಇದೇ ವಿಷಯದಲ್ಲಿ ಎಂಡಿ ಕೋರ್ಸ್ ತೆರೆಯಿತು. ಇಂಥ ತರಬೇತಿ ಹೆಚ್ಚಬೇಕೆಂದು 2016ರ ಸಂಸದೀಯ ಸಮಿತಿ ಹೇಳಿತು, 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಹೇಳಿತು. ಹೇಳುವುದಕ್ಕೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ.

ನನ್ನ ತಕರಾರು ಸೀಟಿನ ಸಂಖ್ಯೆಯದಲ್ಲ, ತರಬೇತಿಯ ಒಡಲಿನದು. ಡಿಎನ್‌ಬಿ ಕೋರ್ಸಿನಲ್ಲಿ ಒಂದು ವರ್ಷ ಹೇಗೆ ಕಳೆಯುತ್ತದೆ ನೋಡಿ. ಮೊದಲು ಜನರಲ್ ಮೆಡಿಸಿನ್ ಪೋಸ್ಟಿಂಗ್, ಬಳಿಕ ಮಕ್ಕಳ ವಿಭಾಗ, ಹೆರಿಗೆ ವಾರ್ಡು, ಸರ್ಜರಿ. ನಡುನಡುವೆ ಕಣ್ಣು, ಚರ್ಮ, ಇಎನ್‌ಟಿ, ಮಾನಸಿಕ ರೋಗ, ಮೂಳೆ, ಎಮರ್ಜೆನ್ಸಿ. ಹೋದ ಕಡೆಯೆಲ್ಲ ಆ ವಿಭಾಗದ್ದೇ ಪಿಜಿಗಳು ಇರುತ್ತಾರೆ. ಇವರು ಕೆಲವು ವಾರಗಳ ಅತಿಥಿ. ಕೆಲಸ ಕೈಗೆ ಹತ್ತಿ, ಅಲ್ಲಿನ ಸಿಸ್ಟರುಗಳಿಗೆ ಇವರ ಹೆಸರು ನೆನಪಿರುವ ಹೊತ್ತಿಗೆ ಮುಂದಿನ ವಿಭಾಗಕ್ಕೆ ಹೊರಡುವ ದಿನ ಬಂದಿರುತ್ತದೆ. ವರ್ಷದ ಕೊನೆಗೆ ಪ್ರಗತಿಯ ಲೆಕ್ಕ ಸಿಗುವುದು ಎರಡು ಕಡೆ. ಒಂದು ಲಾಗ್‌ಬುಕ್: ಎಷ್ಟು ಹೆರಿಗೆ, ಎಷ್ಟು ಹೊಲಿಗೆ, ಎಷ್ಟು ಕೇಸ್ ಪ್ರೆಸೆಂಟೇಷನ್. ಇನ್ನೊಂದು ಮಂಡಳಿ ನಡೆಸುವ ಫಾರ್ಮೇಟಿವ್ ಪರೀಕ್ಷೆ. ಎರಡರಲ್ಲೂ ಸುಳ್ಳೇನಿಲ್ಲ. ಮೊದಲ ವರ್ಷ ಮುಗಿಸಿದವರ ಕೈ ನಿಜಕ್ಕೂ ಪಳಗಿರುತ್ತದೆ. ನಂಜೇರಿದ ಮಗುವನ್ನೂ ಎದೆನೋವೆಂದು ಬಂದ ಆಟೋ ಚಾಲಕನನ್ನೂ ನೋಡಿ ಅವರು ಗಾಬರಿಯಾಗುವುದಿಲ್ಲ. ಹಳ್ಳಿಯಲ್ಲಿ ಒಬ್ಬರೇ ಕೂರಬೇಕಾದವರಿಗೆ ಇದು ಸಣ್ಣ ಮಾತಲ್ಲ. ವಾರ್ಡನ್ನು ಪೂರ್ತಿ ಬಿಟ್ಟು ಕ್ಲಿನಿಕ್ಕಿನಲ್ಲೇ ಕಲಿಸಿ ಎನ್ನುವವರ ಜೊತೆ ಆದ್ದರಿಂದಲೇ ನಾನಿಲ್ಲ.

ಆದರೆ ಆ ಲಾಗ್‌ಬುಕ್ಕಿನಲ್ಲಿ ಒಂದು ಕಾಲಂ ಕಾಣುವುದಿಲ್ಲ: ಈ ವರ್ಷ ನೀನು ನೋಡಿದ ರೋಗಿಗಳಲ್ಲಿ ಎಷ್ಟು ಜನ ಎರಡನೇ ಸಲ, ಮೂರನೇ ಸಲ ನಿನ್ನನ್ನೇ ಹುಡುಕಿಕೊಂಡು ಬಂದರು?

ವಿಶಾಖಪಟ್ಟಣದ ಮಟ್ಟಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿತು. 12 ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು, ಬಹಳ ಮಂದಿಯನ್ನು ಕೆಜಿಎಚ್‌ಗೇ ತಂದರು. ಲಾಕ್‌ಡೌನಿನ ನಡುವೆ ಆ ಆಸ್ಪತ್ರೆ ಅಷ್ಟು ಜನರನ್ನು ಎದುರುಗೊಂಡ ರೀತಿಗೆ ತಲೆಬಾಗಬೇಕು. ಸ್ಪೆಷಲಿಸ್ಟ್ ವೈದ್ಯ ಏಕೆ ಬೇಕು ಎಂದು ಕೇಳುವವರಿಗೆ ಆ ದಿನವೇ ಉತ್ತರ. ಇನ್ನು ಡಿಸ್ಚಾರ್ಜ್ ಆಗಿ ಮನೆಗೆ ಹೋದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಕಣ್ಣುರಿ ಉಳಿದಿದೆ, ಅದು ಕಣ್ಣಿನ ವಿಭಾಗ. ಕೆಮ್ಮು ನಿಂತಿಲ್ಲ, ಅದು ಶ್ವಾಸಕೋಶದ್ದು. ರಾತ್ರಿ ಯಾವುದೇ ವಾಸನೆ ಬಂದರೂ ಬೆಚ್ಚಿ ಏಳುತ್ತಾಳೆ, ಅದು ಮಾನಸಿಕ ರೋಗದ್ದು. ಮೊದಲೇ ಇದ್ದ ಶುಗರ್ ಏರಿದೆ, ಅದು ಜನರಲ್ ಮೆಡಿಸಿನ್ನಿನದು. ನಾಲ್ಕು ಓಪಿ ಚೀಟಿ, ನಾಲ್ಕು ಸಾಲು, ನಾಲ್ಕು ದಿನದ ಕೂಲಿ. ಪ್ರತಿ ಮೇಜಿನ ಮುಂದೆಯೂ ಆ ರಾತ್ರಿಯ ಕತೆಯನ್ನು ಮೊದಲಿನಿಂದ ಹೇಳಬೇಕು. ಆಕೆಗೆ ಬೇಕಾದದ್ದು ಐದನೆಯ ವಿಭಾಗವಲ್ಲ. ಆ ನಾಲ್ಕೂ ಚೀಟಿಗಳನ್ನು ಒಟ್ಟಿಗೆ ಹಿಡಿದು ಓದುವ, ಹೋದ ತಿಂಗಳು ಆಕೆ ಏನು ಹೇಳಿದ್ದಳೆಂದು ನೆನಪಿರುವ ಒಬ್ಬರು ಬೇಕು. ಆ ವರ್ಷ ತರಬೇತಿಯಲ್ಲಿರುವ ಕುಟುಂಬ ವೈದ್ಯ ಪೋಸ್ಟಿಂಗಿನ ಪ್ರಕಾರ ಈ ವಿಭಾಗಗಳಲ್ಲಿ ಹೆಚ್ಚಿನವನ್ನು ಸುತ್ತುತ್ತಾನೆ. ಆದರೆ ಅವಳು ಕಣ್ಣಿಗೆ ಬಂದ ದಿನ ಆತ ಹೆರಿಗೆ ವಾರ್ಡಿನಲ್ಲಿರುತ್ತಾನೆ.

ಶ್ರೀಕಾಕುಳದ ಉದ್ದಾನದ ಕತೆ ಇನ್ನೂ ಉದ್ದ. ತೆಂಗು, ಗೋಡಂಬಿಯ ಆ ಹಸಿರು ನಾಡಿನಲ್ಲಿ ಕಾರಣ ಖಚಿತವಾಗದ ಮೂತ್ರಪಿಂಡದ ಕಾಯಿಲೆ ದಶಕಗಳಿಂದ ಮನೆಮನೆಯನ್ನು ತಿನ್ನುತ್ತಿದೆ. 2023ರ ಡಿಸೆಂಬರಿನಲ್ಲಿ ಪಲಾಸದಲ್ಲಿ ಕಿಡ್ನಿ ಸಂಶೋಧನಾ ಕೇಂದ್ರವೂ ಆಸ್ಪತ್ರೆಯೂ ತೆರೆದವು. ಚಿಕಿತ್ಸೆಗಾಗಿ ದೂರದ ವಿಶಾಖಪಟ್ಟಣಕ್ಕೆ ಹೋಗುತ್ತಿದ್ದವರಿಗೆ ಅದು ದೊಡ್ಡ ಆಸರೆ. ಆದರೆ ಈ ಕಾಯಿಲೆ ಡಯಾಲಿಸಿಸ್ ಕುರ್ಚಿಗೆ ಬರುವ ಮೊದಲು ಹಲವು ವರ್ಷ ಸದ್ದಿಲ್ಲದೆ ಮನೆಯಲ್ಲೇ ಇರುತ್ತದೆ. ಆ ವರ್ಷಗಳಲ್ಲಿ ಕ್ರಿಯಾಟಿನಿನ್ ಅಂಕಿ ಮೆಲ್ಲಗೆ ಏರುವುದನ್ನು ಗಮನಿಸುವುದು, ಗದ್ದೆ ಕೆಲಸದ ಮೈಕೈ ನೋವಿಗೆಂದು ಅಂಗಡಿಯಿಂದ ನುಂಗುವ ನೋವಿನ ಮಾತ್ರೆಯನ್ನು ಬಿಡಿಸುವುದು, ಅಪ್ಪನಿಗೆ ಬಂದಿದ್ದರೆ ಮಗನನ್ನೂ ಕರೆದು ಪರೀಕ್ಷಿಸುವುದು: ಇದು ಕುಟುಂಬ ವೈದ್ಯನ ಕೆಲಸ. ಇದನ್ನು ಮೂರು ವಾರದ ನೆಫ್ರಾಲಜಿ ಪೋಸ್ಟಿಂಗ್ ಕಲಿಸಲಾರದು.

ಹೊರಗಿನವರು ಇದನ್ನು ಹೇಗೆ ಬಿಡಿಸಿಕೊಂಡರು? ಅಮೆರಿಕದಲ್ಲಿ 1969ರಲ್ಲಿ ಕುಟುಂಬ ವೈದ್ಯಕೀಯಕ್ಕೆ ಪ್ರತ್ಯೇಕ ಸ್ಪೆಷಾಲಿಟಿಯ ಸ್ಥಾನ ಸಿಕ್ಕಿತು. ಅಲ್ಲಿನ ಮೂರು ವರ್ಷದ ರೆಸಿಡೆನ್ಸಿಯಲ್ಲಿ ಯಾವ ವಾರ್ಡಿನಲ್ಲಿದ್ದರೂ ವಾರದ ಕೆಲವು ಹೊತ್ತು ತಮ್ಮದೇ ಕ್ಲಿನಿಕ್ಕಿಗೆ, ತಮ್ಮದೇ ರೋಗಿಗಳ ಬಳಿಗೆ ಬರಲೇಬೇಕು. ಇಂಥ 1,650 ಭೇಟಿಗಳು ಆಗಬೇಕೆಂಬ ನಿಯಮ ಬಹಳ ಕಾಲ ಇತ್ತು. 2023ರಲ್ಲಿ ಅದನ್ನು 1,000 ಗಂಟೆಯ ಲೆಕ್ಕಕ್ಕೆ ಬದಲಿಸಿದರು. ಸಂಖ್ಯೆಯ ಬಗ್ಗೆ ಅವರಲ್ಲೇ ಜಗಳವಿದೆ, ಕ್ಲಿನಿಕ್ಕಿನ ಬಗ್ಗೆ ಇಲ್ಲ. ನಾರ್ವೆಯಲ್ಲಿ 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು, ಒಬ್ಬನೇ ವೈದ್ಯನ ಬಳಿ 15 ವರ್ಷಕ್ಕೂ ಮೇಲೆ ಇದ್ದವರಲ್ಲಿ ಸಾವಿನ ಸಂಭವ, ವೈದ್ಯರನ್ನು ಹೊಸದಾಗಿ ಪಡೆದವರಿಗಿಂತ ಸುಮಾರು ಕಾಲುಭಾಗ ಕಡಿಮೆ ಎಂದು ತೋರಿಸಿತು. ಇಂಥ ಫಲ ಕೊಡುವ ಮಾತ್ರೆಯೊಂದು ಸಿಕ್ಕಿದ್ದರೆ ಅದರ ಜಾಹೀರಾತು ವಿಜಯವಾಡದ ಬೆಂಜ್ ಸರ್ಕಲ್ಲಿನ ಪ್ರತಿ ಕಂಬದಲ್ಲೂ ಇರುತ್ತಿತ್ತು. ನಮ್ಮ ಪಕ್ಕದಲ್ಲೇ ಮಾದರಿ ಇಲ್ಲದಿಲ್ಲ. ವೆಲ್ಲೂರಿನ ಸಿಎಂಸಿ 1982ರಲ್ಲಿ ಕಡಿಮೆ ಖರ್ಚಿನ ಆರೈಕೆಗೆಂದೇ ಊರೊಳಗೆ ಒಂದು ಚಿಕ್ಕ ಘಟಕ ತೆರೆದು, ಆ ಊರಿನ ಬಡ ಕೇರಿಗಳನ್ನು ತನ್ನದೆಂದು ಹಿಡಿದುಕೊಂಡಿತು. ಕುಟುಂಬ ವೈದ್ಯರು ಅಂಥ ಕಡೆ ತಯಾರಾಗುತ್ತಾರೆ.

ಆಂಧ್ರದ ವಿಪರ್ಯಾಸ ಇಲ್ಲಿದೆ. ಅಮೆರಿಕನ್ನರು ಕ್ಲಿನಿಕ್ ಕಟ್ಟಿ ಕಷ್ಟಪಟ್ಟು ತರುವ ನಂಟು ಈ ರಾಜ್ಯದಲ್ಲಿ ಸರ್ಕಾರಿ ಆದೇಶದಲ್ಲೇ ಸಿದ್ಧವಾಗಿದೆ: ಇಂತಿಂಥ ಹಳ್ಳಿಗೆ ಇಂಥ ಡಾಕ್ಟರು, ತಿಂಗಳಿಗೆ ಎರಡು ಸಲ. ಹಳ್ಳಿಯಲ್ಲಿ ರೋಗಿ ಮತ್ತೆ ಸಿಗುತ್ತಾನೆ, ಡಾಕ್ಟರಿಗೆ ತರಬೇತಿ ಇಲ್ಲ. ಆಸ್ಪತ್ರೆಯಲ್ಲಿ ತರಬೇತಿ ಇದೆ, ರೋಗಿ ಮತ್ತೆ ಸಿಗುವುದಿಲ್ಲ. ಎರಡನ್ನೂ ಒಂದೇ ಇಲಾಖೆಯ ಹಣ ನಡೆಸುವ ರಾಜ್ಯದಲ್ಲಿ ಇವು ಪರಸ್ಪರ ಪರಿಚಯವೇ ಇಲ್ಲದಂತೆ ಬದುಕುತ್ತಿವೆ.

ಇದರ ಬೆಲೆಯನ್ನು ವಿಜಯವಾಡ ಬೀದಿಯಲ್ಲೇ ಕಂಡಿದೆ. 2024ರಲ್ಲಿ, ಮತ್ತೆ 2025ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಕೆಲಸ ಬಿಟ್ಟು ಮುಷ್ಕರಕ್ಕೆ ಇಳಿದರು. ಬೇಡಿಕೆಗಳ ನಡುವೆ ಮುಖ್ಯವಾದದ್ದು ಸೇವೆಯಲ್ಲಿರುವವರಿಗೆ ಪಿಜಿ ಸೀಟಿನಲ್ಲಿ ಮೀಸಲಾದ ಪಾಲು. ಸರ್ಕಾರ ಅದನ್ನು ಇಳಿಸಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹಳ್ಳಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಮುಂದೆ ಓದುವ ಮುಖ್ಯ ಬಾಗಿಲು ಅದು. ಆದರೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಮುಷ್ಕರದಲ್ಲಿದ್ದವರೂ ಕೇಳಿದಂತಿಲ್ಲ, ಮಾತುಕತೆಗೆ ಕೂತ ಮಂತ್ರಿಗಳೂ ಕೇಳಿದಂತಿಲ್ಲ. ಅದು ರೇಡಿಯಾಲಜಿಗೆ, ಮೂಳೆಗೆ, ಚರ್ಮಕ್ಕೆ ತೆರೆಯುತ್ತದೆ. ಹಳ್ಳಿಯಿಂದ ಹೊರಡುವ ಹಕ್ಕಿಗಾಗಿ ನಡೆದ ಹೋರಾಟದಲ್ಲಿ ಸರ್ಕಾರ ಎಷ್ಟು ಜನ ಹೊರಡಬೇಕೆಂದು ಚೌಕಾಸಿ ಮಾಡಿತು. ಅಲ್ಲೇ ಇದ್ದು, ತನ್ನದೇ ಹಳ್ಳಿಗಳ ರೋಗಿಗಳನ್ನು ನೋಡುತ್ತಲೇ, ವಾರಕ್ಕೆ ಎರಡು ದಿನ ಕೆಜಿಎಚ್‌ಗೋ ವಿಜಯವಾಡದ ಸರ್ಕಾರಿ ಆಸ್ಪತ್ರೆಗೋ ಬಂದು ವಾರ್ಡಿನ ಕೆಲಸ ಕಲಿತು, ಮೂರು ವರ್ಷಕ್ಕೆ ಪೂರ್ಣ ಪಿಜಿ ಪದವಿ ಪಡೆಯುವ ದಾರಿ ಮಾತುಕತೆಯ ಮೇಜಿಗೆ ಬಂದಂತಿಲ್ಲ. ಭೀಮುನಿಪಟ್ಟಣದ ಕಡೆಯ ಒಂದು ಆರೋಗ್ಯ ಕೇಂದ್ರ, ಕಂಕಿಪಾಡಿನ ಕಡೆಯ ಒಂದು ಕೇಂದ್ರ: ಇಷ್ಟರಿಂದ ಶುರು ಮಾಡಿ ನೋಡಬಹುದಾದ ಕೆಲಸ ಇದು.

ಕರ್ನಾಟಕದವರು ಬೀಗುವ ಹಾಗಿಲ್ಲ. 2022ರ ಡಿಸೆಂಬರಿನಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ಗಳಲ್ಲೂ ಕೂರುವವರು ಗುತ್ತಿಗೆಯ ಎಂಬಿಬಿಎಸ್ ವೈದ್ಯರು; ಪಿಜಿ ಸೀಟು ಸಿಕ್ಕ ದಿನ ಹೊರಡುತ್ತಾರೆ, ಹೊರಡಬೇಡಿ ಎನ್ನುವ ನೈತಿಕ ಹಕ್ಕು ನಮಗಿಲ್ಲ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕೆಲವು ಕಡೆ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ನಡೆದು ಬಂದಿದೆ. ಅಲ್ಲಿ ಕಲಿತವರನ್ನು ‘ನಮ್ಮ ಕ್ಲಿನಿಕ್’ ಮೇಜಿಗೆ ತರಿಸುವ ಹುದ್ದೆಯಾಗಲಿ, ಸಂಬಳದ ಶ್ರೇಣಿಯಾಗಲಿ ಇಲ್ಲಿ ಯಾರ ತಲೆಗೂ ಹೊಳೆದಂತಿಲ್ಲ.

ಉಳಿಯುವುದು ಕಲಿಸುವವರು ಯಾರು ಎಂಬ ಆಕ್ಷೇಪ. ಅದು ಗಟ್ಟಿಯಾದದ್ದು. ಆರೋಗ್ಯ ಕೇಂದ್ರದಲ್ಲಿ ಪ್ರಾಧ್ಯಾಪಕರಿಲ್ಲ, ಕಾಲೇಜಿನ ಪ್ರಾಧ್ಯಾಪಕರಿಗೆ ಆರೋಗ್ಯ ಕೇಂದ್ರದ ಅನುಭವ ಕಡಿಮೆ. ಆದರೆ ವಿಶಾಖಪಟ್ಟಣದ ಹಳೆಯ ಬಡಾವಣೆಗಳಲ್ಲಿ, ವಿಜಯವಾಡದ ಸೂರ್ಯರಾವ್‌ಪೇಟೆಯ ನರ್ಸಿಂಗ್ ಹೋಮ್‌ಗಳ ಸಂದಣಿಯ ಹೊರಗೆ, ಒಂದೇ ಮನೆಯ ಮೂರು ತಲೆಮಾರನ್ನು ನೋಡಿಕೊಂಡು ಬಂದ ಜಿಪಿಗಳು ಇನ್ನೂ ಇದ್ದಾರೆ. ಯಾವ ಹೊಟ್ಟೆನೋವನ್ನು ಎರಡು ದಿನ ಕಾದು ನೋಡಬಹುದು, ಯಾವುದನ್ನು ಈಗಿಂದೀಗಲೇ ಆಂಬ್ಯುಲೆನ್ಸ್ ಹತ್ತಿಸಬೇಕು ಎಂಬುದನ್ನು ಸ್ಕ್ಯಾನ್ ಇಲ್ಲದ ಕಾಲದಿಂದಲೂ ತೀರ್ಮಾನಿಸಿದವರು ಅವರು. ಕಾಲೇಜಿನ ನಿಯಮದಲ್ಲಿ ಅವರಿಗೆ ಅಧ್ಯಾಪಕರ ಕುರ್ಚಿ ಇಲ್ಲ. ವಾರಕ್ಕೊಂದು ಮಧ್ಯಾಹ್ನ ಗೌರವಧನ ಕೊಟ್ಟು ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆಸಿ, ಪಿಜಿ ಪಕ್ಕದಲ್ಲಿ ಕೂರಿಸಿ, ಅದೇ ರೋಗಿಯನ್ನು ಇಬ್ಬರೂ ನೋಡುವ ಏರ್ಪಾಟಿಗೆ ವಿಶ್ವವಿದ್ಯಾಲಯದ ಒಂದು ಸುತ್ತೋಲೆ ಸಾಕಾಗಬಹುದು. ಆ ಜಿಪಿಗಳಲ್ಲಿ ಅನೇಕರಿಗೆ ಈಗಾಗಲೇ ಎಪ್ಪತ್ತು ದಾಟಿದೆ. ಸುತ್ತೋಲೆ ಹೊರಡಿಸುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.