ಜೇಬಿನಲ್ಲಿ ಜಿಆರ್

ಹವ್ಯಾಸಕ್ಕೆ ಫೋಟೋ ತೆಗೆಯುವವರು ಚಿಕ್ಕ ಕ್ಯಾಮೆರಾ ಯಾವುದು ಕೊಳ್ಳಲಿ ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ರಿಕೋ ಜಿಆರ್ 3. 2019ರಲ್ಲಿ ಬಂದ ಇದರ ತೂಕ ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 257 ಗ್ರಾಂ. ಒಳಗಿರುವ ಎಪಿಎಸ್-ಸಿ ಸೆನ್ಸರ್ ಮಾತ್ರ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಷ್ಟೇ ದೊಡ್ಡದು.

ಝೂಮ್ ಇಲ್ಲ, 28 ಎಂಎಂಗೆ ಸಮನಾದ ಒಂದೇ ಲೆನ್ಸ್. ಹತ್ತಿರದ ಚಿತ್ರ ಬೇಕೆಂದರೆ ನಡೆದೇ ಹೋಗಬೇಕು. ಕಲಿಯುವವರಿಗೆ ಇದು ಒಳ್ಳೆಯದೇ.

ನನ್ನ ಮನಸ್ಸು ಗೆದ್ದದ್ದು ಸ್ನ್ಯಾಪ್ ಫೋಕಸ್. ದೂರವನ್ನು ಮೊದಲೇ 2 ಮೀಟರ್‌ಗೆ, ಅಪರ್ಚರನ್ನು ಎಫ್/8ಕ್ಕೆ ಹೊಂದಿಸಿಡಿ. ಗುಂಡಿಯನ್ನು ಒಂದೇ ಏಟಿಗೆ ಪೂರ್ತಿ ಒತ್ತಿದರೆ ಸಾಕು, ಕ್ಯಾಮೆರಾ ಫೋಕಸ್ ಹುಡುಕುತ್ತ ಕೂರುವುದಿಲ್ಲ. ಸುಮಾರು 1 ಮೀಟರ್ ಆಚೆಯಿಂದ ಹಿನ್ನೆಲೆಯವರೆಗೂ ಚಿತ್ರ ಸ್ಪಷ್ಟ. ಹೂವಿನವಳು ಮಾಲೆಯನ್ನು ಮೊಳ ಹಾಕುತ್ತ ಕೈ ಎತ್ತಿದ ಆ ಗಳಿಗೆ ತಪ್ಪಿಹೋಗದು. ಜಪಾನಿನ ಛಾಯಾಗ್ರಾಹಕ ದೈದೋ ಮೊರಿಯಾಮ ಟೋಕಿಯೊದ ಬೀದಿಗಳಲ್ಲಿ ಜಿಆರ್ ಸರಣಿಯ ಕ್ಯಾಮೆರಾ ಹಿಡಿದು ಅಲೆದದ್ದು ಸುಮ್ಮನೆ ಅಲ್ಲ!

ವ್ಯೂಫೈಂಡರ್ ಇಲ್ಲ, ಫ್ಲಾಷ್ ಇಲ್ಲ. ಬ್ಯಾಟರಿ ಸುಮಾರು 200 ಚಿತ್ರಕ್ಕೆ ಮುಗಿಯುತ್ತದೆ, ಇನ್ನೊಂದು ಜೊತೆಗಿರಲಿ. ದೂಳು, ಮಳೆಯಿಂದ ಜೋಪಾನ. ಹಕ್ಕಿಗಳ ಬೆನ್ನು ಹತ್ತುವವರಿಗೆ ಇದು ಆಗಿಬರುವುದಿಲ್ಲ. 28 ತೀರ ಅಗಲ ಎನ್ನುವವರು 2021ರ ಜಿಆರ್ 3ಎಕ್ಸ್ ನೋಡಲಿ, ಅದರದು 40 ಎಂಎಂ ನೋಟ.