ನೆತ್ತಿ ಉಬ್ಬುವ ಮೊದಲೇ

ಸೀಲಿಂಗ್ ಫ್ಯಾನು ನಿಧಾನವಾದರೆ ಯಾರೂ ಮೀಟರು ಹುಡುಕುವುದಿಲ್ಲ. 2.5 ಮೈಕ್ರೋಫ್ಯಾರಡ್‌ನ ಹೊಸ ಕಂಡೆನ್ಸರ್, ಅಂದರೆ ಕೆಪಾಸಿಟರ್, ತಂದು ಹಾಕುತ್ತಾರೆ, ಅಷ್ಟೆ. ಅಲ್ಲಿ ರೆಕ್ಕೆಯೇ ಮೀಟರು. ಯುಪಿಎಸ್, ಸೋಲಾರ್ ಇನ್ವರ್ಟರ್, ಮೋಟಾರ್ ಡ್ರೈವ್‌ಗಳಲ್ಲಿ ಈ ಸೌಕರ್ಯವಿಲ್ಲ. ಒಳಗಿನ ಕೆಪಾಸಿಟರ್ ಸೊರಗುತ್ತಿದ್ದರೂ ಕಂಟ್ರೋಲ್ ಸರ್ಕ್ಯೂಟು ಔಟ್‌ಪುಟ್ ವೋಲ್ಟೇಜನ್ನು ಸರಿದೂಗಿಸುತ್ತ ಕೊರತೆಯನ್ನು ಮುಚ್ಚಿಡುತ್ತದೆ.

ರಿಪೇರಿಯ ಗೀಳು ಹತ್ತಿದವರು ಮೊದಲು ನೋಡುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಡಬ್ಬಿಯ ನೆತ್ತಿಯನ್ನು. 2000ದ ದಶಕದಲ್ಲಿ ಕಳಪೆ ಕೆಪಾಸಿಟರ್‌ಗಳಿಂದ ಕಂಪ್ಯೂಟರ್‌ಗಳು ಸಾಲುಸಾಲಾಗಿ ಕೆಟ್ಟಾಗ (ಡೆಲ್ ಆಪ್ಟಿಪ್ಲೆಕ್ಸ್, ಆ್ಯಪಲ್ ಐಮ್ಯಾಕ್ ಜಿ5 ಎರಡೂ ಅದರಲ್ಲಿದ್ದವು) ಉಬ್ಬಿದ ನೆತ್ತಿ ಎಲ್ಲರಿಗೂ ಪರಿಚಯವಾಯಿತು. ಆದರೆ ಕಣ್ಣನ್ನಷ್ಟೇ ನಂಬುವುದು ಅರ್ಧ ವಿದ್ಯೆ. ಒಳಗೇ ಒಣಗಿದ ಎಷ್ಟೋ ಡಬ್ಬಿಗಳು ಮೇಲೆ ಸಪಾಟಾಗಿಯೇ ಇರುತ್ತವೆ.

ಮಲ್ಟಿಮೀಟರು ತೋರಿಸುವ ಕೆಪಾಸಿಟೆನ್ಸ್ ಅಂಕಿಯೂ ಪೂರ್ತಿ ಸತ್ಯ ಹೇಳದು. ಎಲೆಕ್ಟ್ರೋಲೈಟ್ ಆವಿಯಾದಂತೆ ಒಳಗಿನ ಸರಣಿ ರೋಧ, ಅಂದರೆ ಇಎಸ್‌ಆರ್, ಏರುತ್ತದೆ. ಅದು ಏರಿದಷ್ಟೂ ಡಬ್ಬಿ ಬಿಸಿ, ಬಿಸಿಯಾದಷ್ಟೂ ಬೇಗ ಒಣಗುವಿಕೆ. ಕೆಪಾಸಿಟೆನ್ಸ್ ಶೇ 20ರಷ್ಟು ಕುಸಿದರೆ ಇಲ್ಲವೇ ಇಎಸ್‌ಆರ್ ದುಪ್ಪಟ್ಟಾದರೆ ಆಯಸ್ಸು ಮುಗಿಯಿತೆನ್ನುವುದು ರೂಢಿಯ ಲೆಕ್ಕ. ಪ್ರತಿ 10 ಡಿಗ್ರಿ ತಂಪಿಗೆ ಬಾಳಿಕೆ ಇಮ್ಮಡಿಯಾಗುತ್ತದೆಂಬ ಇನ್ನೊಂದು ಲೆಕ್ಕವೂ ಇದೆ. ಅದರ ಪ್ರಕಾರ 105 ಡಿಗ್ರಿಗೆ 2000 ಗಂಟೆ ಎಂದು ನಮೂದಾದ ಡಬ್ಬಿ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ಗಾಳಿಯಾಡದ ಪೆಟ್ಟಿಗೆಯಲ್ಲಿ ಇನ್ವರ್ಟರ್ ಕೂರಿಸುವವರು ಇದನ್ನು ಓದುವುದಿಲ್ಲ.

ನಿಜವಾದ ಕೈಚಳಕ ಇರುವುದು ಯಂತ್ರ ಓಡುತ್ತಿರುವಾಗಲೇ ಕೆಪಾಸಿಟರ್‌ನ ನಾಡಿ ಹಿಡಿಯುವುದರಲ್ಲಿ. ನಮ್ಮ 50 ಹರ್ಟ್ಸ್ ಸಿಂಗಲ್ ಫೇಸ್ ಕರೆಂಟನ್ನು ಡಿಸಿ ಮಾಡಿದಾಗ 100 ಹರ್ಟ್ಸ್‌ನ ರಿಪಲ್, ಅಂದರೆ ಏರಿಳಿತ, ಉಳಿಯುತ್ತದೆ. ಆ ಏರಿಳಿತದ ವೋಲ್ಟೇಜು, ಕರೆಂಟುಗಳ ಅನುಪಾತ ಕೆಪಾಸಿಟೆನ್ಸನ್ನು ಸೂಚಿಸುತ್ತದೆ. ಸ್ವಿಚಿಂಗ್‌ನ ಸಾವಿರಾರು ಹರ್ಟ್ಸ್‌ನಲ್ಲಿ ಅದೇ ಅನುಪಾತ ನೋಡಿದರೆ ಇಎಸ್‌ಆರ್‌ನ ಅಂದಾಜು ಸಿಗುತ್ತದೆ. ಕೆಪಾಸಿಟರ್‌ನ ಕಾಲಿಗೆ ಕರೆಂಟ್ ಸೆನ್ಸರ್ ಜೋಡಿಸುವುದು ತೊಡಕಾದ್ದರಿಂದ ಎಂಜಿನಿಯರುಗಳು ಕೆಲವೊಮ್ಮೆ ಯಂತ್ರ ನಿಲ್ಲುವ ಗಳಿಗೆಗೆ ಕಾಯುತ್ತಾರೆ. ಗೊತ್ತಿರುವ ರೆಸಿಸ್ಟರ್ ಮೂಲಕ ವೋಲ್ಟೇಜು ಎಷ್ಟು ಬೇಗ ಇಳಿಯಿತೆಂದು ನೋಡಿದರೆ ಕೆಪಾಸಿಟೆನ್ಸ್ ಲೆಕ್ಕಕ್ಕೆ ಸಿಗುತ್ತದೆ. ಬೇಗ ಇಳಿದರೆ ಶಕ್ತಿ ಕುಂದಿದೆ. ಸೊಗಸಾದ ಉಪಾಯ, ಹೊಸ ಸೆನ್ಸರಿನ ಖರ್ಚೂ ಇಲ್ಲ. (ಮನೆಯಲ್ಲಿ ಪ್ರಯೋಗಿಸುವುದು ಬೇಡ. ಸ್ವಿಚ್ ಆರಿಸಿದ ಮೇಲೂ ನೂರಾರು ವೋಲ್ಟ್ ಒಳಗೇ ಕೂತಿರುತ್ತದೆ.)

ಎಲೆಕ್ಟ್ರಿಕ್ ಕಾರುಗಳ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಇರುತ್ತದೆ. ಕಿಡಿ ಹಾರಿದಲ್ಲಿ ಲೋಹದ ಲೇಪ ಸುಟ್ಟು ದೋಷ ತಾನೇ ವಾಸಿಯಾಗುತ್ತದೆ, ಪ್ರತಿ ಬಾರಿ ಚೂರು ಕೆಪಾಸಿಟೆನ್ಸ್ ಹೋಗುತ್ತದೆ. ಇಲ್ಲಿ ಶೇ 5ರ ಕುಸಿತವೇ ಮುಕ್ತಾಯದ ಗಡಿ. ಅಷ್ಟು ಸಣ್ಣ ವ್ಯತ್ಯಾಸ ಅಳತೆಯ ದೋಷದಲ್ಲೇ ಕಳೆದುಹೋಗಬಹುದು. ಹಾಗಾಗಿ ಬಲ್ಲವರು ಕಂಪನಿ ಅಚ್ಚೊತ್ತಿದ ಅಂಕಿಯನ್ನು ಬದಿಗಿಟ್ಟು, ಅದೇ ಕೆಪಾಸಿಟರ್ ಹೊಸದಿದ್ದಾಗ ಅದೇ ತಾಪದಲ್ಲಿ ತೋರಿದ ಅಂಕಿಯೊಂದಿಗೆ ಇಂದಿನದನ್ನು ಹೋಲಿಸುತ್ತಾರೆ.